ಪದ ಹೇಳಿದವಳ ಪೆಟ್ಟು

ಕ್ವಾಯಜ್ಜಿ ಹೊಡೆಯಲು ಕೂತರೆ ತಲೆಯ ಮೇಲಿನ ಸೇತುವೆಯಲ್ಲಿ ಓಡುವ ಲಾರಿಗಳ ಸದ್ದೂ ಸಣ್ಣದಾಗುತ್ತಿತ್ತು. ಹೆಬ್ಬಾತುಕತ್ತು ಅನ್ನುವ ಆ ಸೇತುವೆಯ ಕೆಳಗೆ, ಟ್ರಾಮ್ ಗಂಟೆ ಹೊಡೆದು ತಿರುಗುವ ಮೂಲೆಯಲ್ಲಿ, ಅವಳದೊಂದು ಗಿಡ್ಡ ಮಣೆ. ಮುಂದೆ ಒಂದು ಇಟ್ಟಿಗೆ. ಇಟ್ಟಿಗೆಯ ಮೇಲೆ ಕಾಗದದಲ್ಲಿ ಕತ್ತರಿಸಿದ ಮನುಷ್ಯ. ಅವಳ ಕೈಯಲ್ಲಿ ಮರದ ಮೆಟ್ಟು. ಯಾರದೋ ಗಂಡ, ಯಾರದೋ ಅತ್ತೆ, ಯಾರದೋ ಮಾಲೀಕ ಆ ಕಾಗದದೊಳಗೆ ಬಂದು ಮಲಗುತ್ತಿದ್ದರು. ಕಾಸು ಕೊಟ್ಟವರ ಪರವಾಗಿ ಅವಳು ಚಿಂದಿ ಉಡಾಯಿಸುತ್ತಿದ್ದಳು.

ನಾನು ಎದುರಿನ ಮಾರ್ಕೆಟ್ಟಿನಲ್ಲಿ ಹಂದಿಮಾಂಸ ಕಡಿಯುವವಳು. ಊರೆಲ್ಲ ನನ್ನನ್ನು ದಪ್ಪಕ್ಕ ಅನ್ನುತ್ತದೆ. ನನಗೇನೂ ಬೇಸರವಿಲ್ಲ, ಇರುವುದನ್ನೇ ಅನ್ನುತ್ತಾರೆ. ಹೊಡೆತ ಮುಗಿದ ಮೇಲೆ, ಕೇಡಿನ ರೂಪವಾಗಿ ಪಕ್ಕದಲ್ಲಿಟ್ಟ ಕಾಗದದ ಬಿಳಿಹುಲಿಯ ಬಾಯಿಗೆ ಹಂದಿಯ ಕೊಬ್ಬು ಸವರಬೇಕು. ಬಾಯಿ ಜಿಡ್ಡಾದ ಹುಲಿ ಕಚ್ಚುವುದಿಲ್ಲ, ಅಲ್ಲಿಗೆ ಹೊಡೆತವೂ ನಿಂತಂತೆ. ಆ ಕೊಬ್ಬು ನನ್ನ ಅಂಗಡಿಯದು. ಹೀಗಾಗಿ ದಿನವೂ ನಾನು ಅವಳ ಪಕ್ಕ ಒಂದಿಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತು ಹರಟುತ್ತಿದ್ದೆ. ಫೋಟೋ ತೆಗೆಯಲು ಬಂದು ಕಿಸಕ್ಕನೆ ನಗುವ ಪ್ರವಾಸಿಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕೊಬ್ಬು ಕೊಡುವ ನೆಪದಲ್ಲಿ ಕತ್ತಿಯನ್ನೂ ಕೈಯಲ್ಲೇ ಹಿಡಿದು ಬರುತ್ತಿದ್ದೆ, ಅವರೇ ದೂರ ಸರಿಯುತ್ತಿದ್ದರು.

ಅವಳ ಹತ್ತಿರ ಬಂದವರಿಗೆ ಮೊದಲು ವಿಚಾರಣೆ ನಡೆಯುತ್ತಿತ್ತು. ಒಮ್ಮೆ ಆಫೀಸಿನ ಹುಡುಗಿಯೊಬ್ಬಳು ಉಗುರು ಕಚ್ಚುತ್ತ ಬಂದು ನಿಂತಳು.

"ಯಾರನ್ನಮ್ಮಾ?"

"ನಮ್ಮ ಮೇಲಧಿಕಾರೀನ, ಅಜ್ಜಿ. ಹೊಡೀರಿ ಅವನಿಗೆ."

"ಹೊಡೆಯೋದೇನೋ ಸರಿ. ಹೊಡೆದು ಏನ್ಮಾಡ್ಲಿ? ಸಾಯಿಸ್ಲಾ, ಓಡಿಸ್ಲಾ?"

"ಎಲ್ಲಾನೂ ಮಾಡಿ."

"ಎಲ್ಲಾನೂ ತಂದು ಬಡಿಸೋಕೆ ಇದೇನು ಹೋಟ್ಲೇನೇ? ಒಂದು ಹೇಳು. ಇಲ್ಲಾಂದ್ರೆ ಪಕ್ಕದ ಮುದುಕಿ ಹತ್ರ ಹೋಗು, ಅವಳು ಗೊಣಗೊಣ ಅಂದು ಕಳಿಸ್ತಾಳೆ."

ನಮ್ಮ ಮಾತಿನಲ್ಲಿ ಹೊಡೆ ಅನ್ನುವುದಕ್ಕೆ ದಾ. ಬರೀ ದಾ ಅಂದರೆ ಅದು ಎತ್ತಿದ ಕೈ ಮಾತ್ರ. ಅದರ ಹಿಂದೆ ಒಂದು ಪುಟ್ಟ ಬಾಲ ಬರಬೇಕು, ಆಗಲೇ ಆ ಕೈ ಏನು ಮಾಡಿತು ಅಂತ ತಿಳಿಯುವುದು. ದಾ-ಸೆಯ್ ಅಂದರೆ ಹೊಡೆದು ಕೊಲ್ಲು. ದಾ-ಜಾವ್ ಅಂದರೆ ಹೊಡೆದು ಓಡಿಸು. ದಾ-ಫಾನ್ ಅಂದರೆ ತಿಂದ ಪೆಟ್ಟನ್ನು ತಿರುಗಿಸಿ ಕೊಡು. ದಾ-ಗಾನ್ ಅಂದರೆ ಹೊಡೆತ ಇನ್ನೂ ನಡೆದೇ ಇದೆ, ದಾ-ಗುವೊ ಅಂದರೆ ಯಾವತ್ತೋ ಹೊಡೆದದ್ದುಂಟು, ಈಗ ಆ ಮಾತು ಬೇಡ. ನಾವು ಇವನ್ನೆಲ್ಲ ತಾಯಿಯ ಸೊಂಟದ ಮೇಲೆ ಕೂತೇ ಕಲಿತವರು, ಬಾಲ ಇದೆ ಅನ್ನುವುದೇ ನಮಗೆ ಗೊತ್ತಿರುವುದಿಲ್ಲ. ಕ್ವಾಯಜ್ಜಿಗೆ ಗೊತ್ತಿತ್ತು. ಬೇರೆ ಮುದುಕಿಯರು ದಾ ಅನ್ನುವಾಗ ಮೆಟ್ಟು ಇಳಿಸಿದರೆ ಇವಳ ಮೆಟ್ಟು ಬಾಲದ ಮೇಲೆ ಬೀಳುತ್ತಿತ್ತು. "ನಿನ್ನ ತಲೆಯ ದಾ... ಜಾವ್! ನಿನ್ನ ನಾಲಗೆಯ ದಾ... ಜಾವ್! ಕಾಲಿಗೆ ದಾರಿ ಸಿಗಲಿ, ದಾರಿಗೆ ನೀನು ಸಿಗು!" ಪದ ಅವಳೇ ಕಟ್ಟುತ್ತಿದ್ದಳು. ಕೇಳುತ್ತ ನಿಂತ ಹೆಂಗಸರ ಕೈಗಳು ತಾವಾಗಿಯೇ ಮುಷ್ಟಿ ಕಟ್ಟುತ್ತಿದ್ದವು.

ಸಾಯಿಸು ಅನ್ನುವ ಬಾಲವನ್ನು ಮಾತ್ರ ಅವಳು ಯಾರಿಗೂ ಸುಲಭವಾಗಿ ಕೊಡುತ್ತಿರಲಿಲ್ಲ. ಯಾಕೆಂದು ಕೇಳಿದರೆ ಹೇಳುತ್ತಿದ್ದಳು, "ಸತ್ತೋನು ಎಲ್ಲೂ ಹೋಗಲ್ಲ ದಪ್ಪಕ್ಕ, ಮನೇಲೇ ಇರ್ತಾನೆ. ಓಡಿಹೋದೋನು ಮಾತ್ರ ಹೋಗ್ತಾನೆ."

ಅವಳು ತಿಳಿದೇ ಹೇಳಿದ್ದು. ಅವಳ ಗಂಡ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನು. ಮೂಟೆಗೆ ಹಾಕುವ ಕಬ್ಬಿಣದ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆಗೆ ಬರುತ್ತಿದ್ದ. ಆ ಕೊಕ್ಕೆಯ ಹಿಡಿಯಿಂದ ಅವಳ ಮುಂಬಲ್ಲು ಮುರಿದ, ಪಕ್ಕೆಲುಬು ಮುರಿದ, ಹೊಟ್ಟೆಯಲ್ಲಿದ್ದ ಮೊದಲ ಕೂಸನ್ನು ಕಳೆದ. ಒಂದು ದಿನ ಕ್ರೇನಿನ ಸರಪಳಿ ಹರಿದು ಅವನ ಮೇಲೆಯೇ ಸರಕು ಬಿತ್ತು. ಊರಿನವರು ಪಾಪ ಅಂದರು. ನನಗೆ ಪಾಪ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಅವನು ಸತ್ತು ಎಷ್ಟೋ ಕಾಲದ ಮೇಲೂ ಯಾರಾದರೂ ಬಾಗಿಲು ದೂಡಿದರೆ ಸಾಕು, ಕ್ವಾಯಜ್ಜಿ ಎರಡು ಕೈಯಿಂದ ತಲೆ ಮುಚ್ಚಿಕೊಳ್ಳುತ್ತಿದ್ದಳು. ಕಂಕುಳಲ್ಲಿ ಮಗಳನ್ನು ಇಟ್ಟುಕೊಂಡು ಈ ಸೇತುವೆಯ ಕೆಳಗೆ ಬಂದಾಗ ಇಲ್ಲಿ ಹೊಡೆಯುತ್ತಿದ್ದ ಹಳೆಯ ಮುದುಕಿಯೊಬ್ಬಳು ಅವಳಿಗೆ ಮೆಟ್ಟು ಕೊಟ್ಟು ಕೂರಿಸಿದಳು.

ಆ ಮುದುಕಿ ಮೆಟ್ಟಿನ ಜೊತೆಗೆ ಒಂದು ಕಟ್ಟಳೆಯನ್ನೂ ಕೊಟ್ಟಿದ್ದಳು. ಹೊಡೆಸಲು ಬಂದವರು ಬೇಕಾದರೆ ತಾವೇ ಮೆಟ್ಟು ಹಿಡಿಯಬಹುದು. ಸಿಟ್ಟು ಜಾಸ್ತಿಯಿದ್ದವರು ಹಿಡಿಯುತ್ತಲೂ ಇದ್ದರು. ಆದರೆ ಮೆಟ್ಟು ಯಾರ ಕೈಯಲ್ಲೇ ಇರಲಿ, ಪೆಟ್ಟು ಪದ ಹೇಳಿದವಳದು. ಅದರ ಪಾಪ, ಅದರ ಫಲ, ತಿರುಗಿ ಬಂದರೆ ಅದರ ಏಟು, ಎಲ್ಲವೂ ಅವಳ ತಲೆಗೆ. ಅದಕ್ಕೇ ಪದ ಹೇಳುವವಳು ತನ್ನ ಮನೆಯವರ ಹೆಸರಿಗೆ ಯಾವತ್ತೂ ಪದ ಹೇಳಬಾರದು. ಹೇಳಿದರೆ ಪೆಟ್ಟು ಅವಳ ಮನೆಯ ಸೂರಿನ ಮೇಲೆಯೇ ಬೀಳುತ್ತದೆ. ಸೇತುವೆಯ ಕೆಳಗಿನ ನಮಗೆಲ್ಲ ಇದು ಪೊಲೀಸರ ಕಾನೂನಿಗಿಂತ ದೊಡ್ಡದು.

ಮಗಳು ಮಿಯುಲಿನ್ ನನ್ನ ಅಂಗಡಿಯ ಕಟ್ಟೆಯ ಮೇಲೆಯೇ ಬೆಳೆದವಳು. ಗಟ್ಟಿ ನಗುವಿನ ಹುಡುಗಿ. ಮಿನಿಬಸ್ ಓಡಿಸುವ ಗಾಮ್‌ಫಾಟ್ ಅನ್ನುವವನನ್ನು ಮೆಚ್ಚಿ ಮದುವೆಯಾದಳು. ಮಾತುಗಾರ, ಚೆಲುವ, ಅತ್ತೆಗೆ ಹುರಿದ ಬಾತುಕೋಳಿ ಹೊತ್ತು ತರುವ ಅಳಿಯ. ಮದುವೆಯ ಊಟದಲ್ಲಿ ಅವನು ನನ್ನ ತಟ್ಟೆಗೂ ಬಡಿಸಿದ್ದ. ಉಂಡದ್ದಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಮೊದಲ ಸಲ ಮಿಯುಲಿನ್ ತುಟಿ ಒಡೆದುಕೊಂಡು ಮಾರ್ಕೆಟ್ಟಿಗೆ ಬಂದಾಗ ನಾನು ಕೇಳಿದೆ. ಅವಳು ದಿತ್-ಚಾನ್ ಅಂದಳು. ಬಿದ್ದು ಪೆಟ್ಟಾಯಿತು. ಆಮೇಲೆ ಕಪಾಟು ತಗುಲಿ ಪೆಟ್ಟಾಯಿತು, ಬಿಸಿನೀರು ಚೆಲ್ಲಿ ಸುಟ್ಟಿತು, ಮೆಟ್ಟಿಲು ಜಾರಿತು. ಎಲ್ಲದಕ್ಕೂ ಅದೇ ಚಾನ್. ಆ ಬಾಲ ಬಂತೆಂದರೆ ನೋವಿದೆ, ನೋವು ಕೊಟ್ಟವನಿಲ್ಲ. ನಮ್ಮ ಕಡೆಯ ಹೆಂಗಸರು ಎಷ್ಟೋ ಮಂದಿ ಗಂಡಸರನ್ನು ಆ ಒಂದು ಬಾಲದ ಹಿಂದೆ ಬಚ್ಚಿಟ್ಟಿದ್ದಾರೆ. ಕ್ವಾಯಜ್ಜಿ ತಾನೂ ಹಾಗೆಯೇ ಹೇಳಿಕೊಂಡು ಬಂದವಳು, ಆದ್ದರಿಂದ ಮಗಳ ಬಾಯಿಂದ ಕೇಳಿದ ಕೂಡಲೆ ಅವಳ ಮುಖ ಬೂದಿಯಾಯಿತು. ಅವತ್ತು ಅವಳ ಮೆಟ್ಟಿನ ಕೆಳಗೆ ಬಿದ್ದ ಕಾಗದದವರು ಯಾರೇ ಆಗಿರಲಿ, ಪುಡಿಪುಡಿಯಾಗಿಹೋದರು.

ಚಳಿಗಾಲ ಮುಗಿಯುವ ಹೊತ್ತಿಗೆ ಮಿಯುಲಿನ್ ಒಂದು ಕಿವಿ ಕೇಳಿಸದವಳಾಗಿದ್ದಳು. ಅವನು ಇಸ್ತ್ರಿಪೆಟ್ಟಿಗೆಯಿಂದ ಹೊಡೆದಿದ್ದ. ಆವತ್ತು ಅವಳು ತಾಯಿಯ ಮಣೆಯ ಮುಂದೆ ಬಂದು ಕೂತಳು. ನಾನು ಕೊಬ್ಬು ಹಿಡಿದು ಅಲ್ಲೇ ನಿಂತಿದ್ದೆ.

"ಅಮ್ಮಾ, ಅವನು ಕುಡಿದಾಗಲೆಲ್ಲ ಹೊಡೀತಾನೆ. ಕುಡೀದಿದ್ರೂ ಹೊಡೀತಾನೆ. ಒಂದು ಸಲ ಅವನ ಹೆಸರಿಗೆ ಪದ ಹೇಳು."

"ಆಗಲ್ಲ ಮಗಾ. ಅವನು ಮನೆಯೋನು."

"ಯಾರ ಮನೆಯೋನು?"

"ನಿನ್ನ ಮನೆಯೋನಾದ್ರೆ ನನ್ನ ಮನೆಯೋನೇ. ನಾನು ಹೇಳಿದ್ರೆ ಪೆಟ್ಟು ನಿನ್ನ ಮೇಲೇ ಬರುತ್ತೆ."

"ಈಗೇನು ನನ್ನ ಮೇಲೆ ಹೂವು ಬೀಳ್ತಿದ್ಯಾ?"

ಕ್ವಾಯಜ್ಜಿ ತಲೆ ಎತ್ತಲಿಲ್ಲ. "ಇಲ್ಲೇ ಉಳಿದುಬಿಡು. ಅಲ್ಲಿಗೆ ಹೋಗಬೇಡ" ಅಂದಳು.

"ಇಲ್ಲಿಗೆ ಬಂದು ನಿನ್ನೂ ಕೊಲ್ತಾನೆ. ಹೇಳಿದ್ದಾನೆ." ಅವಳು ಎದ್ದು ಹೋದಳು.

ನನಗೆ ತಡೆಯಲಾಗಲಿಲ್ಲ. "ಊರಿನವರ ಗಂಡಂದಿರನ್ನೆಲ್ಲ ಚಚ್ಚಿ ಹಾಕ್ತೀಯ, ಸ್ವಂತ ಮಗಳಿಗೆ ಕಟ್ಟಳೆ ಹೇಳ್ತೀಯ. ನಿನ್ನ ಕಟ್ಟಳೆಗಿಷ್ಟು ಬೆಂಕಿ ಹಾಕ!" ಅಂದೆ.

"ನಿನಗೆ ಹಂದಿ ಕಡಿಯೋದು ಗೊತ್ತು, ಕಡಿ ಹೋಗು!" ಅಂತ ಅವಳು ಮೆಟ್ಟನ್ನು ನನ್ನ ಕಡೆಗೇ ಬೀಸಿ ಒಗೆದಳು. ಮೊಣಕಾಲಿಗೆ ತಗುಲಿತು. ನಾನು ಅದನ್ನು ಅವಳ ಮಡಿಲಿಗೇ ಎಸೆದು ಬಂದೆ. ಆಮೇಲೆ ಕೊಬ್ಬು ಕೊಡುವಾಗಲೂ ನಾವು ಮುಖ ನೋಡಿಕೊಳ್ಳಲಿಲ್ಲ.

ಹುಳ ಏಳುವ ದಿನ ಬಂತು. ವರ್ಷದ ಮೊದಲ ಗುಡುಗಿಗೆ ಮಣ್ಣಿನೊಳಗಿನ ಹುಳಹುಪ್ಪಟೆ ಎಚ್ಚರಗೊಳ್ಳುವ ಆ ದಿನ ಬಿಳಿಹುಲಿಯೂ ಬಾಯಿ ತೆರೆಯುತ್ತದೆ. ಇಡೀ ಊರಿನ ಹಗೆ ನಮ್ಮ ಸೇತುವೆಯ ಕೆಳಗೆ ಬಂದು ಸಾಲು ನಿಲ್ಲುತ್ತದೆ. ಸಾಲು ಟ್ರಾಮ್ ಹಳಿಯವರೆಗೆ ಹೋಗಿತ್ತು. ಎಲ್ಲರ ಕೈಯಲ್ಲೂ ಹಗೆಯ ಅಂಗಿಯೋ ಫೋಟೋವೋ, ಮನೆಯಿಂದ ತಂದ ಹಳೆಯ ಚಪ್ಪಲಿಯೋ ಇತ್ತು. ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

ಆ ಸಾಲಿನಲ್ಲಿ ಮಿಯುಲಿನ್ ನಿಂತಿದ್ದಳು. ಮಗಳಾಗಿ ಬರದೆ ಗಿರಾಕಿಯಾಗಿ ಬಂದಿದ್ದಳು. ಕೈಯಲ್ಲಿ ಗಾಮ್‌ಫಾಟ್‌ನ ಬನಿಯನ್ನು. ಕುತ್ತಿಗೆಯ ಸುತ್ತ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು, ಆವತ್ತಿನ ಬೆಳಗಿನವು. ತನ್ನ ಸರದಿ ಬಂದಾಗ ಅವಳು ಬನಿಯನ್ನನ್ನು ಇಟ್ಟಿಗೆಯ ಮೇಲೆ ಹಾಸಿದಳು.

"ಯಾರನ್ನಮ್ಮಾ?" ಕ್ವಾಯಜ್ಜಿಯ ದನಿ ಒಡೆದಿತ್ತು.

"ನನ್ನ ಗಂಡನ್ನ. ಇವತ್ತು ಕತ್ತು ಹಿಸುಕಿದ. ನಾಳೆಗೆ ನಾನು ಇರಲ್ಲ ಅಜ್ಜಿ."

ತಾಯಿಯನ್ನು ಅವಳು ಅಜ್ಜಿ ಅಂದಳು. ಪರಕೀಯಳ ಹಾಗೆ, ಪರಕೀಯಳ ಗಂಡ ಮನೆಯವನಲ್ಲವಲ್ಲ. ಕ್ವಾಯಜ್ಜಿ ಮಗಳ ಕುತ್ತಿಗೆಯನ್ನೇ ನೋಡಿದಳು. ಆಮೇಲೆ ಮೆಟ್ಟು ಎತ್ತಿದಳು. "ಗಾಮ್‌ಫಾಟ್, ನಿನ್ನ ಕೈಯ ದಾ... ಜಾವ್! ಕತ್ತು ಹಿಸುಕಿದ ಬೆರಳ ದಾ... ಜಾವ್!" ಸಾಲಿನ ಹೆಂಗಸರು ದನಿಗೂಡಿಸಿದರು. ಬನಿಯನ್ನು ಹರಿದು ಇಟ್ಟಿಗೆಯ ಕೆಂಪು ಕಾಣಿಸಿತು. ನನ್ನ ಮೈಯೆಲ್ಲ ಜುಮ್ಮೆಂದಿತು. ಹೊಡಿ ಮುದುಕಿ, ಹೊಡಿ ಅಂತ ನಾನೂ ಕೂಗಿದೆ.

ಅಷ್ಟರಲ್ಲಿ ಮಿನಿಬಸ್ಸೊಂದು ರಸ್ತೆಗಡ್ಡ ನಿಂತು ಟ್ರಾಮ್ ಗಂಟೆ ಹೊಡೆದುಕೊಳ್ಳತೊಡಗಿತು. ಗಾಮ್‌ಫಾಟ್ ಇಳಿದು ಜನರನ್ನು ತಳ್ಳಿಕೊಂಡು ಬಂದ. ಬಂದವನೇ ಮಿಯುಲಿನ್‌ಳ ಜುಟ್ಟು ಹಿಡಿದು ಸೇತುವೆಯ ಕಂಬಕ್ಕೆ ಅವಳ ಮುಖವನ್ನು ಅಪ್ಪಳಿಸಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ದಿನವೂ ಕೇಳುವ ಸದ್ದು, ತಪ್ಪುವ ಮಾತೇ ಇಲ್ಲ.

"ನನ್ನ ಬಟ್ಟೆ ಕದ್ದು ನನಗೇ ಹೊಡೆಸ್ತೀಯೇನೇ ಮುಂಡೆ! ಮಾಟಗಾತಿ ಹೊಟ್ಟೇಲಿ ಹುಟ್ಟಿದೋಳೇ!"

ಕ್ವಾಯಜ್ಜಿ ಏಳುವ ಮೊದಲೇ ಅವನು ಅವಳ ಎದೆಗೆ ಒದ್ದ. ಅವಳು ಬೂದಿಯ ಡಬ್ಬದ ಮೇಲೆ ಅಂಗಾತ ಬಿದ್ದಳು, ಮೆಟ್ಟು ಉರುಳಿ ಮಗಳ ಕಾಲ ಬಳಿ ಹೋಯಿತು. ಅವನು ಇನ್ನೊಮ್ಮೆ ಹೆಂಡತಿಯ ತಲೆಯನ್ನು ಕಂಬದ ಕಡೆಗೆ ಎಳೆದ. ಆಗ ಮುದುಕಿ ಬಿದ್ದಲ್ಲಿಂದಲೇ ಕಿರುಚಿದಳು. ಹಿಂದೆ ಯಾವತ್ತೂ ನಾನು ಆ ದನಿ ಕೇಳಿರಲಿಲ್ಲ.

"ಅವನ ಕೈಯ ದಾ... ಫಾನ್! ಅವನ ಕಣ್ಣ ದಾ... ಫಾನ್!"

ತಿರುಗಿ ಹೊಡೆ. ಮಿಯುಲಿನ್ ಬಗ್ಗಿ ಮೆಟ್ಟು ಎತ್ತಿಕೊಂಡಳು. ಫಾನ್ ಅನ್ನುವ ಸದ್ದಿನ ಮೇಲೆ, ತಾಯಿ ಹೊಡೆಯುತ್ತಿದ್ದ ಹಾಗೆಯೇ, ಮರದ ಹಿಮ್ಮಡಿಯನ್ನು ಅವನ ಮುಖಕ್ಕೆ ಇಳಿಸಿದಳು. ಮತ್ತೆ ಇಳಿಸಿದಳು. ಅವನ ಎಡಗಣ್ಣು ಹೋಯಿತು. ಅವನು ಮಂಡಿಯೂರಿದ ಕೂಡಲೆ ಇಡೀ ಸಾಲು ಅವನ ಮೇಲೆ ಬಿತ್ತು. ಚಪ್ಪಲಿ, ಬೂಟು, ಛತ್ರಿ, ಬರಿಗೈ. ತಮ್ಮ ತಮ್ಮ ಮನೆಯ ಗಂಡಸರನ್ನೆಲ್ಲ ಅವರು ಅಲ್ಲಿ ಹೊಡೆಯುತ್ತಿದ್ದರು. ಯಾರೋ ಸೆಯ್, ಸೆಯ್ ಅಂತ ಕೂಗಲು ಶುರುಮಾಡಿದರು, ಎಲ್ಲರೂ ಹಿಡಿದುಕೊಂಡರು. ನಾನೂ ಒದ್ದೆ. ಒಳ್ಳೆಯ ಒದೆತ ಅದು.

"ಕೊಬ್ಬು! ದಪ್ಪಕ್ಕಾ, ಕೊಬ್ಬು ಕೊಡೇ!"

ಕ್ವಾಯಜ್ಜಿ ತೆವಳಿಕೊಂಡು ಬಂದು ನನ್ನ ಕಾಲು ಹಿಡಿದಿದ್ದಳು. ನನಗೆ ಕೊಡಲು ಮನಸ್ಸಿರಲಿಲ್ಲ. ಅವಳೇ ನನ್ನ ಕೈಯಿಂದ ಕಿತ್ತುಕೊಂಡು ಗುಂಪಿನ ಕಾಲುಗಳ ನಡುವೆ ನುಗ್ಗಿ ಅವನ ಬಾಯಿಗೆ ತಿಕ್ಕಿದಳು. ರಕ್ತದ ಮೇಲೆ ಬಿಳಿ ಕೊಬ್ಬು. "ಮುಗೀತು! ಹುಲಿ ಬಾಯಿಗೆ ಸವರಿಯಾಯ್ತು, ಮುಗೀತು!" ಅಂದಳು. ಹೆಂಗಸರ ಕೈಗಳು ಮೇಲೆಯೇ ನಿಂತವು. ಕೊಬ್ಬು ಸವರಿದ ಮೇಲೆ ಯಾರೂ ಹೊಡೆಯುವುದಿಲ್ಲ. ಸಿಟ್ಟು ಇನ್ನೂ ಇತ್ತು, ಆದರೂ ಚಪ್ಪಲಿಗಳು ಒಂದೊಂದಾಗಿ ಕೆಳಗಿಳಿದವು. ಅವನು ಉಸಿರಾಡುತ್ತಿದ್ದ.

ದೂರದಲ್ಲಿ ಪೊಲೀಸರ ಸೀಟಿ ಕೇಳಿಸಿತು. ಮಿಯುಲಿನ್ ಮೆಟ್ಟು ಹಿಡಿದೇ ನಿಂತಿದ್ದಳು, ಮೊಣಕೈವರೆಗೆ ರಕ್ತ. ತಾಯಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೆಟ್ಟನ್ನು ತಾನು ತೆಗೆದುಕೊಂಡಳು. ತನ್ನ ಮೇಲಂಗಿಯಿಂದ ಮಗಳ ಕೈ ಒರೆಸಿ ಅವಳನ್ನು ನನ್ನ ಬೆನ್ನ ಹಿಂದೆ ತಳ್ಳಿದಳು. ನನ್ನ ಬೆನ್ನ ಹಿಂದೆ ಯಾರನ್ನು ಬೇಕಾದರೂ ಮರೆಮಾಡಬಹುದು.

"ಯಾರು ಹೊಡೆದದ್ದು?" ಪೊಲೀಸಿನವನು ಚಿಕ್ಕ ವಯಸ್ಸಿನವನು, ರಕ್ತ ನೋಡಿ ಅವನ ಮುಖ ಬೆಳ್ಳಗಾಗಿತ್ತು.

"ಹೊಡೆಯೋದೇ ಇಲ್ಲಿ ಕಸುಬು ಸಾರ್. ಯಾರ್ಯಾರು ಅಂತ ಹೇಳೋದು?" ಅಂದಳು ಸಾಲಿನಲ್ಲಿದ್ದವಳೊಬ್ಬಳು.

ನೆಲದ ಮೇಲಿದ್ದವನು ಗುರುಗುಟ್ಟಿದ. "ಹೆಂಡತಿ... ನನ್ನ ಹೆಂಡತಿ..."

"ನಾನು ಸಾರ್" ಅಂದಳು ಕ್ವಾಯಜ್ಜಿ. "ಪದ ಹೇಳಿದೋಳು ನಾನು. ಪೆಟ್ಟು ನನ್ನದು."

"ಮೆಟ್ಟು ಹಿಡಿದು ಹೊಡೆದದ್ದು ನೀವೇನಾ ಅಜ್ಜಿ?"

"ನನ್ನ ಕೈಲಿ ಏನಿದೆ? ಸೌತೆಕಾಯಾ?"

ಅವನು ಸಾಲಿನ ಕಡೆಗೆ ತಿರುಗಿ ಕೇಳಿದ. ಅಷ್ಟು ಹೆಂಗಸರು, ಅವರಿಗಾಗಿ ಜೀವಮಾನವೆಲ್ಲ ಹೊಡೆದ ಮುದುಕಿ. ಅವಳು ನಮ್ಮನ್ನೆಲ್ಲ ದುರುಗುಟ್ಟಿಕೊಂಡು ನೋಡಿದಳು. ಆಫೀಸಿನ ಹುಡುಗಿಯೇ ಮೊದಲು ಬೆರಳು ತೋರಿಸಿದಳು. "ಅವರೇ ಸಾರ್." ಇನ್ನೊಬ್ಬಳು ತೋರಿಸಿದಳು. "ಅಜ್ಜಿಯೇ." ಎಲ್ಲರೂ ತೋರಿಸಿದರು, ಕೆಲವರು ಅಳುತ್ತ. ನಾನೂ ತೋರಿಸಿದೆ. ಸೇತುವೆಯ ಕೆಳಗಿನ ಲೆಕ್ಕದಲ್ಲಿ ಅದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಬೆನ್ನಿಗೆ ಮುಖವಿಟ್ಟಿದ್ದ ಮಿಯುಲಿನ್ "ಅಲ್ಲ, ನಾನು" ಅನ್ನಲು ಹೊರಟಳು. ನಾನು ಹಿಂದಕ್ಕೆ ಕೈ ಹಾಕಿ ಅವಳ ಬಾಯಿ ಮುಚ್ಚಿದೆ. ಮುರಿದ ದವಡೆಗೆ ನೋವಾಗಿರಬೇಕು, ಆಗಲಿ.

ಕೋರ್ಟು ಇಂಗ್ಲಿಷಿನದು. ಕ್ವಾಯಜ್ಜಿ ಬಾಲಗಳನ್ನೆಲ್ಲ ಜೋಡಿಸಿಕೊಂಡು, ಅವನು ಹೊಡೆಯುತ್ತಲೇ ಇದ್ದ, ಅದಕ್ಕೆ ತಿರುಗಿ ಹೊಡೆದದ್ದು, ಓಡಿಸಲು ಹೊಡೆದದ್ದು, ಕೊಲ್ಲಲು ಹೊಡೆಯಲಿಲ್ಲ ಅಂತ ಹೇಳಿದಳು. ಅದು ಅನುವಾದಕನ ಬಾಯಿಂದ ಹೊರಬರುವಾಗ ಹೊಡೆದಳು ಅನ್ನುವುದಷ್ಟೇ ಉಳಿದಿತ್ತು ಅಂತ ಇಂಗ್ಲಿಷ್ ಬಲ್ಲ ಆಫೀಸಿನ ಹುಡುಗಿ ಹೇಳಿದಳು. ಹೆಂಡತಿಯೇ ಹೊಡೆದಳು ಅನ್ನುವ ಗಾಮ್‌ಫಾಟ್‌ನ ಮಾತು ಅಷ್ಟು ಹೆಂಗಸರ ಸಾಕ್ಷಿಯ ಮುಂದೆ ನಿಲ್ಲಲಿಲ್ಲ. ಕಣ್ಣು ಹೋಗಿತ್ತಲ್ಲ, ಮುದುಕಿಗೆ ಜೈಲಾಯಿತು. ಗಾಮ್‌ಫಾಟ್ ಆಸ್ಪತ್ರೆಯಿಂದ ಹೊರಬಂದವನು ಹೆಂಗಸರ ಗುಂಪು ಕಂಡರೆ ರಸ್ತೆ ದಾಟುತ್ತಿದ್ದನಂತೆ. ಆಮೇಲೆ ಊರು ಬಿಟ್ಟೇ ಹೋದ. ಮಿಯುಲಿನ್ ನನ್ನ ಮನೆಗೆ ಬಂದಳು.

ಅವಳು ಬದುಕಿದ್ದಳು, ಆದರೆ ಉಣ್ಣುತ್ತಿರಲಿಲ್ಲ. ಅಮ್ಮ ಅಲ್ಲಿ, ನಾನು ಇಲ್ಲಿ ಅಂತ ತಟ್ಟೆ ದೂಡುತ್ತಿದ್ದಳು. ಕೊನೆಗೊಂದು ದಿನ, "ಇವತ್ತು ಅಮ್ಮನ್ನ ನೋಡಿ ನೇರ ಠಾಣೆಗೆ ಹೋಗ್ತೀನಿ, ನಿಜ ಹೇಳ್ತೀನಿ" ಅಂತ ಹೊರಟಳು. ನಾನು ಬೈದೆ, ಬಾಗಿಲಿಗೆ ಅಡ್ಡ ನಿಂತೆ, ಕೇಳಲಿಲ್ಲ. ಜೊತೆಗೆ ಹೋದೆ.

ಜೈಲಿನ ಗಾಜಿನ ಆಚೆ ಕ್ವಾಯಜ್ಜಿ ಕೂತಿದ್ದಳು, ಕೂದಲು ಕತ್ತರಿಸಿದ್ದರು. ಒದೆ ತಿಂದ ಎದೆ ಸರಿಹೋಗಿರಲಿಲ್ಲ, ಉಸಿರಿಗೊಮ್ಮೆ ಕೆಮ್ಮುತ್ತಿದ್ದಳು. ಮಿಯುಲಿನ್ ಫೋನು ಕಿವಿಗಿಟ್ಟುಕೊಂಡು ಹೇಳಿದಳು. "ಅಮ್ಮಾ, ಹೊಡೆದೋಳು ನಾನು. ನಾನು ಹೇಳಿಬಿಡ್ತೀನಿ. ನೀನು ಮನೆಗೆ ಬಾ."

ಮುದುಕಿ ಗಾಜಿಗೆ ಅಂಗೈಯಿಂದ ಅಪ್ಪಳಿಸಿದಳು. ಕಾವಲಿನವಳು ಬೆಚ್ಚಿ ಹತ್ತಿರ ಬಂದಳು. ಆಮೇಲೆ ಕ್ವಾಯಜ್ಜಿ ಮೆಲ್ಲಗೆ ಮಾತಾಡಿದಳು. ಕೇಳುವ ಕಿವಿಗೆ ಮಗಳು ಹಿಡಿದಿದ್ದ ಫೋನಿಗೆ ನಾನೂ ತಲೆ ತಾಗಿಸಿದ್ದರಿಂದ ನನಗೆ ಎಲ್ಲ ಕೇಳಿಸಿತು.

"ಅವನು ನಿನ್ನ ಹೊಡೀತಾ ಇದ್ದಾಗ ನಾನು ಕಟ್ಟಳೆ ಹೇಳ್ಕೊಂಡು ಕೂತಿದ್ದೆ ಮಗಾ. ನಿನ್ನ ಕಿವಿ ಹೋಗೋವರೆಗೂ ಕೂತಿದ್ದೆ. ಊರಿಗೆಲ್ಲ ಹೊಡೆದೆ, ನಿನಗೋಸ್ಕರ ಹೊಡೆದದ್ದು ಇದೊಂದೇ. ಇದನ್ನೂ ನನ್ನ ಕೈಯಿಂದ ಕಿತ್ಕೋಬೇಡ ಕಣೇ."

ಮಿಯುಲಿನ್ ಗಾಜಿನ ಮೇಲಿದ್ದ ತಾಯಿಯ ಅಂಗೈಗೆ ತನ್ನ ಹಣೆ ಒತ್ತಿ ಬಹಳ ಹೊತ್ತು ಅತ್ತಳು. ಹೊರಗೆ ಬಂದ ಮೇಲೆ ಠಾಣೆಯ ಕಡೆಗೆ ಹೋಗುವ ಬಸ್ಸು ಬಂತು. ಅವಳು ಹತ್ತಲಿಲ್ಲ.